ಅಳಿವೆಯ ಮೀನುಗಳು ಮನೆಯ ತೊಟ್ಟಿಗೆ: ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು

ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ಗಪ್ಪಿ, ಟೆಟ್ರಾಗಳ ಪಕ್ಕದ ತೊಟ್ಟಿಯಲ್ಲಿಯೇ ನಾಣ್ಯದಷ್ಟು ಅಗಲದ ಬೆಳ್ಳಿ ಬಣ್ಣದ ಮೋನೊಗಳನ್ನೂ, ಮೈತುಂಬ ಚುಕ್ಕೆಯಿರುವ ಸ್ಕ್ಯಾಟ್ ಮರಿಗಳನ್ನೂ, ಹೆದರಿದಾಗ ಮೈ ಉಬ್ಬಿಸುವ, ಹಸಿರು ಬೆನ್ನಿನ ಪಫರ್‌ಗಳನ್ನೂ ಮಾರಾಟಕ್ಕೆ ಇಟ್ಟಿರುವುದುಂಟು. ಅವು ಈಜುತ್ತಿರುವುದು ಸಿಹಿನೀರಿನಲ್ಲಿ. ಆದರೆ ಅವು ಸಿಹಿನೀರಿನ ಮೀನುಗಳಲ್ಲ. ನದಿಯು ಕಡಲನ್ನು ಕೂಡುವ ಅಳಿವೆಗಳಲ್ಲಿ, ಕಾಂಡ್ಲಾ ಗಿಡಗಳ ಬೇರುಗಳ ನಡುವೆ, ಸಿಹಿಯೂ ಅಲ್ಲದ ಪೂರ್ತಿ ಉಪ್ಪೂ ಅಲ್ಲದ ನೀರಿನಲ್ಲಿ ಬಾಳುವ ಜಾತಿಗಳು ಅವು. ಕೊಂಡವರ ಮನೆಯಲ್ಲಿ ಕೆಲವು ತಿಂಗಳು ಲವಲವಿಕೆಯಿಂದ ಇದ್ದು, ಆಮೇಲೆ ಬಣ್ಣಗೆಟ್ಟು, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು, ಮೂಲೆ ಹಿಡಿದು ಸಾಯುತ್ತವೆ. ನಾನು ಮೊದಲ ಬಾರಿ ತಂದ ನಾಲ್ಕು ಮೋನೊಗಳು ಹೀಗೆಯೇ ಸತ್ತವು. ಮಾರಿದವರು ಉಪ್ಪಿನ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ.

ಅಂದಿನಿಂದ ನಾನು ಪಾಲಿಸಿಕೊಂಡು ಬಂದಿರುವ ಕ್ರಮವೆಂದರೆ, ಮೀನನ್ನು ಆರಿಸುವುದಕ್ಕೆ ಮುಂಚೆ ನೀರನ್ನು ಆರಿಸುವುದು. ಎಷ್ಟು ಲೀಟರ್ ನೀರನ್ನು, ಎಷ್ಟು ಉಪ್ಪಿನ ಮಟ್ಟದಲ್ಲಿ, ವಾರವಾರವೂ ವರ್ಷಗಟ್ಟಲೆ ತಯಾರಿಸಿ ಕೊಡಬಲ್ಲೆವು ಎಂಬುದು ತೀರ್ಮಾನವಾದರೆ, ಯಾವ ಮೀನು ಎಂಬ ಪ್ರಶ್ನೆ ಮುಕ್ಕಾಲು ಪಾಲು ತಾನಾಗಿಯೇ ಬಗೆಹರಿಯುತ್ತದೆ. ಈ ಬರಹದ ಹೋಲಿಕೆಗಳೆಲ್ಲ ಆ ಲೆಕ್ಕವನ್ನೇ ಆಧರಿಸಿವೆ.

ಮೊದಲು ನೀರಿನ ಲೆಕ್ಕ

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅಕ್ವೇರಿಯಂ ಸಾಕುವವರು ಇದನ್ನು ಸಾಪೇಕ್ಷ ಸಾಂದ್ರತೆಯಲ್ಲಿ, ಅಂದರೆ ಶುದ್ಧ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕದಲ್ಲಿ, ಅಳೆಯುತ್ತಾರೆ: ಶುದ್ಧ ನೀರಿಗೆ 1.000, ಸಮುದ್ರದ ನೀರಿಗೆ ಸುಮಾರು 1.025. ಇವೆರಡರ ನಡುವಿನದು ಅರೆ ಉಪ್ಪುನೀರು. ಮೀನುಗಾರಿಕೆಯ ಬರಹಗಳಲ್ಲಿ ಇದನ್ನು ಹಿನ್ನೀರು ಎಂದೂ ಕರೆಯುತ್ತಾರಾದರೂ, ಮಲೆನಾಡಿನವರಿಗೆ ಹಿನ್ನೀರೆಂದರೆ ಅಣೆಕಟ್ಟೆಯ ಹಿಂದೆ ನಿಂತ ಸಿಹಿನೀರು. ಆದ್ದರಿಂದ ಗೊಂದಲ ತಪ್ಪಿಸಲು ನಾನು ಆ ಪದವನ್ನು ಬಳಸುತ್ತಿಲ್ಲ.

ಮನೆಯ ತೊಟ್ಟಿಯ ಮಟ್ಟಿಗೆ ಈ ನೀರನ್ನು ಮೂರು ಹಂತಗಳಾಗಿ ನೋಡುವುದು ಅನುಕೂಲ. 1.003ರಿಂದ 1.006ರವರೆಗಿನದು ತೆಳು ಉಪ್ಪಿನ ನೀರು. ಇದಕ್ಕೆ ಲೀಟರಿಗೆ ಸರಿಸುಮಾರು 5ರಿಂದ 9 ಗ್ರಾಂ ಸಮುದ್ರ ಲವಣ ಬೇಕು. 1.008ರಿಂದ 1.015ರವರೆಗಿನದು ನಡುಮಟ್ಟ, 1.010ಕ್ಕೆ ಲೀಟರಿಗೆ ಸುಮಾರು 15 ಗ್ರಾಂ ಹಿಡಿಯುತ್ತದೆ. ಅದಕ್ಕೂ ಮೇಲಿನದು ಕಡಲಿಗೆ ಹತ್ತಿರದ ನೀರು. ಅಂಕಿಗಳ ನಡುವಿನ ಅಂತರ ಚಿಕ್ಕದಾಗಿ ಕಂಡರೂ ಖರ್ಚಿನಲ್ಲಿ ಅದು ಚಿಕ್ಕದಲ್ಲ. 60 ಲೀಟರಿನ ತೊಟ್ಟಿಯನ್ನು ತೆಳು ಉಪ್ಪಿನಲ್ಲಿಟ್ಟು ವಾರಕ್ಕೆ ಕಾಲು ಭಾಗ ನೀರು ಬದಲಿಸಿದರೆ, ಲೀಟರಿಗೆ 8 ಗ್ರಾಂನಂತೆ ವಾರಕ್ಕೆ 120 ಗ್ರಾಂ, ವರ್ಷಕ್ಕೆ 6 ಕಿಲೋಗಿಂತ ತುಸು ಹೆಚ್ಚು ಲವಣ ಸಾಕು. 200 ಲೀಟರಿನ ತೊಟ್ಟಿಯನ್ನು 1.010ರಲ್ಲಿ ಇಟ್ಟರೆ ವಾರಕ್ಕೆ 750 ಗ್ರಾಂ, ವರ್ಷಕ್ಕೆ 39 ಕಿಲೋ ಬೇಕು. ಮೋನೊ ಅಥವಾ ಸ್ಕ್ಯಾಟ್ ಸಾಕಲು 200 ಲೀಟರ್ ಕೂಡ ಸಾಲದು ಎಂಬುದನ್ನು ಮುಂದೆ ಹೇಳಲಿದ್ದೇನೆ.

ಈ ಮೀನುಗಳಿಗೆ ಉಪ್ಪು ಏಕೆ ಬೇಕು ಎಂಬುದನ್ನು ತಿಳಿದುಕೊಂಡರೆ ತೊಟ್ಟಿಯಲ್ಲಿ ಮಾಡುವ ಕೆಲಸಗಳಿಗೆ ಅರ್ಥ ಬರುತ್ತದೆ. ಸಿಹಿನೀರಿನಲ್ಲಿರುವ ಮೀನಿನ ರಕ್ತವು ಸುತ್ತಲಿನ ನೀರಿಗಿಂತ ಹೆಚ್ಚು ಉಪ್ಪಾಗಿರುವುದರಿಂದ ನೀರು ಎಡೆಬಿಡದೆ ದೇಹದೊಳಕ್ಕೆ ಇಳಿಯುತ್ತದೆ. ಮೀನು ಅದನ್ನು ತೆಳು ಮೂತ್ರವಾಗಿ ಹೊರಹಾಕುತ್ತ, ಕಳೆದುಹೋಗುವ ಲವಣವನ್ನು ಕಿವಿರುಗಳ ಮೂಲಕ ನೀರಿನಿಂದ ಹೀರಿಕೊಳ್ಳುತ್ತದೆ. ಕಡಲಿನಲ್ಲಿ ಇದು ತಲೆಕೆಳಗಾಗುತ್ತದೆ: ದೇಹದ ನೀರು ಹೊರಕ್ಕೆ ಸೋರುವುದರಿಂದ ಮೀನು ಉಪ್ಪುನೀರನ್ನೇ ಕುಡಿದು, ಹೆಚ್ಚಿನ ಲವಣವನ್ನು ಕಿವಿರಿನ ವಿಶೇಷ ಜೀವಕೋಶಗಳಿಂದ ಆಚೆಗೆ ತಳ್ಳುತ್ತದೆ. ಅಳಿವೆಯ ಮೀನು ಈ ಎರಡು ವ್ಯವಸ್ಥೆಗಳ ನಡುವೆ ಬದಲಾಗಬಲ್ಲದು, ಆದರೆ ಆ ಬದಲಾವಣೆಗೆ ಶಕ್ತಿಯೂ ಬೇಕು, ಕೆಲವು ದಿನಗಳೂ ಬೇಕು. ಒಂದೇ ಸ್ಥಿತಿಯಲ್ಲಿ, ಅದೂ ತನಗೆ ಒಗ್ಗದ ಸ್ಥಿತಿಯಲ್ಲಿ, ವರ್ಷಗಟ್ಟಲೆ ಇರಿಸಿದಾಗ ಮೀನಿನ ದೇಹ ಸೋಲುತ್ತದೆ.

ಕುಮಟಾ ತಾಲ್ಲೂಕಿನ ಅಘನಾಶಿನಿಯ ದಡದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಅಣೆಕಟ್ಟೆಯಿಲ್ಲದ ಆ ನದಿ ಮಳೆಗಾಲದಲ್ಲಿ ಅಳಿವೆಯ ನೀರನ್ನೆಲ್ಲ ಸಿಹಿಯತ್ತ ತಳ್ಳುತ್ತದೆ. ಆಗ ಅಳಿವೆಯಂಚಿನ ತಗ್ಗಿನ ಗಜನಿ ಗದ್ದೆಗಳಲ್ಲಿ ಉಪ್ಪು ಸಹಿಸುವ ಕಗ್ಗ ಭತ್ತ ಬೆಳೆಯುತ್ತದೆ. ಬೇಸಿಗೆಯಲ್ಲಿ ಉಪ್ಪುನೀರು ಒಳನಾಡಿಗೆ ಏರಿ ಬಂದಾಗ ಅದೇ ಗಜನಿಯಲ್ಲಿ ಸೀಗಡಿ, ಮೀನು ತುಂಬಿಕೊಳ್ಳುತ್ತವೆ. ದಿನಕ್ಕೆರಡು ಬಾರಿ ಬರುವ ಭರತದಲ್ಲಿಯೂ ಉಪ್ಪು ಏರಿಳಿಯುತ್ತದೆ ಎಂಬುದು ನಿಜ. ಆದರೆ ನದಿಯ ಮೀನಿಗೆ ತನಗೆ ಹಿತವಾದ ನೀರಿನೊಂದಿಗೆ ಮೇಲಕ್ಕೋ ಕೆಳಕ್ಕೋ ಸಾಗುವ ಸ್ವಾತಂತ್ರ್ಯವಿದೆ. ಗಾಜಿನ ತೊಟ್ಟಿಯ ಮೀನಿಗೆ ಅದಿಲ್ಲವಾದ್ದರಿಂದ ಆ ಹೊಣೆ ಸಾಕುವವರದು.

ತೆಳು ಉಪ್ಪಿನ, ಚಿಕ್ಕ ತೊಟ್ಟಿಯ ಮೀನುಗಳು

ಹೊಸಬರು ಮೊದಲು ನೋಡಬೇಕಾದುದು ಈ ಗುಂಪನ್ನು, ಮತ್ತು ಈ ಗುಂಪಿನಲ್ಲಿ ನನ್ನ ಮೊದಲ ಆಯ್ಕೆ ಆರೆಂಜ್ ಕ್ರೋಮೈಡ್. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಅಳಿವೆಗಳು, ಹೊಳೆಗಳು ಇದರ ತವರು. ಸುಮಾರು 8 ಸೆಂಟಿಮೀಟರ್ ಬೆಳೆಯುವ, ಕಿತ್ತಳೆ ಮಿಶ್ರಿತ ಹಳದಿ ಮೈಯ ಈ ಮೀನಿಗೆ 100 ಲೀಟರಿನ ತೊಟ್ಟಿಯಲ್ಲಿ ಐದಾರರ ಗುಂಪು ಹಿತವಾಗಿರುತ್ತದೆ. ಇದು ಸಿಹಿನೀರಿನಲ್ಲಿಯೂ ಬದುಕಬಲ್ಲದು. ಆದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆಯಿರುವ ಮೆದು ನೀರಿನಲ್ಲಿ ಬಲುಬೇಗ ಕಾಯಿಲೆ ಬೀಳುವ ಮೀನು 1.003ರಿಂದ 1.005ರಲ್ಲಿ ಗಟ್ಟಿಮುಟ್ಟಾಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಒಣ ಆಹಾರ, ಹೆಪ್ಪುಗಟ್ಟಿಸಿದ ಹುಳು, ಬೇಯಿಸಿದ ಬಟಾಣಿ, ಯಾವುದನ್ನು ಕೊಟ್ಟರೂ ತಿನ್ನುತ್ತದೆ.

ಈ ಮೀನನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ ಅದರ ಸಂಸಾರ. ಜೋಡಿಯಾದ ಗಂಡು ಹೆಣ್ಣು ಒಂದು ಕಲ್ಲನ್ನೋ, ಒಡೆದ ಮಡಕೆಯ ಚೂರನ್ನೋ ಬಾಯಿಂದ ಉಜ್ಜಿ ಚೊಕ್ಕಟಗೊಳಿಸಿ ಮೊಟ್ಟೆಯಿಡುತ್ತವೆ. ಇಬ್ಬರೂ ಸೇರಿ ಕಾಯುತ್ತಾರೆ, ರೆಕ್ಕೆಯಿಂದ ಗಾಳಿ ಹಾಕುತ್ತಾರೆ. ಮರಿಗಳು ಈಜಲು ತೊಡಗಿದ ಮೇಲೆ ತಂದೆತಾಯಿಯ ಮೈಮೇಲಿನ ಲೋಳೆಯನ್ನು ಕಚ್ಚಿ ತಿನ್ನುತ್ತವೆ. ಅಳಿವೆಯಲ್ಲಿ ಇದೇ ಜಾತಿಯ ಎಳೆಯ ಮೀನುಗಳು ತಮ್ಮ ದೊಡ್ಡ ಬಂಧು ಪರ್ಲ್‌ಸ್ಪಾಟ್‌ನ ಮೈಮೇಲಿನ ಪರಾವಲಂಬಿಗಳನ್ನು ಹೆಕ್ಕಿ ಸ್ವಚ್ಛಗೊಳಿಸುವುದೂ ಉಂಟು, ಅವಕಾಶ ಸಿಕ್ಕಾಗ ಅದರ ಮೊಟ್ಟೆಮರಿಗಳನ್ನು ತಿನ್ನುವುದೂ ಉಂಟು. ಒಂದೇ ತೊಟ್ಟಿಯಲ್ಲಿ ಇಷ್ಟೊಂದು ನಡವಳಿಕೆಯನ್ನು ತೋರಿಸುವ, ನಮ್ಮದೇ ನೆಲದ, ಬೆಲೆಯೂ ಭಾರವಲ್ಲದ ಮೀನು ಬೇರೊಂದಿಲ್ಲ. ಮೊಟ್ಟೆಯಿಟ್ಟ ಕಾಲದಲ್ಲಿ ಜೋಡಿಯು ಉಳಿದವನ್ನು ಮೂಲೆಗೆ ಅಟ್ಟುತ್ತದೆಯಾದ್ದರಿಂದ ಅಡಗಲು ಕಲ್ಲು, ಬೇರುಗಳ ಮರೆ ಮಾಡಿಕೊಡಬೇಕು.

ಫಿಗರ್ ಎಯ್ಟ್ ಪಫರ್ ಇದಕ್ಕೆ ಪ್ರತಿಸ್ಪರ್ಧಿ. ಅದೂ ಸುಮಾರು 8 ಸೆಂಟಿಮೀಟರಿನದು, 1.005ರ ಆಸುಪಾಸಿನಲ್ಲಿ ಚೆನ್ನಾಗಿರುತ್ತದೆ, ಒಂಟಿ ಮೀನಿಗೆ 60 ಲೀಟರ್ ಸಾಕು. ಗಾಜಿನ ಬಳಿ ನಿಂತವರನ್ನು ಕಣ್ಣು ಹೊರಳಿಸಿ ನೋಡುವ, ಊಟ ಕೊಡುವವರನ್ನು ಬೇಗ ಗುರುತಿಸುವ ಮೀನು ಅದು. ಗುಂಪಿನ ಸೊಗಸು ಬೇಕಾದವರಿಗೆ ಕ್ರೋಮೈಡ್, ಒಂದೇ ಮೀನಿನ ಒಡನಾಟ ಬೇಕಾದವರಿಗೆ ಪಫರ್ ಎಂದು ಹೇಳಬಹುದು. ಆದರೆ ಪಫರ್‌ನ ಊಟದ ಜವಾಬ್ದಾರಿ ಹೆಚ್ಚಿನದು. ಅದರ ಹಲ್ಲುಗಳು ಜೀವನಪರ್ಯಂತ ಬೆಳೆಯುತ್ತಿರುವುದರಿಂದ ಗಟ್ಟಿ ಚಿಪ್ಪಿನ ಆಹಾರ ಸಿಗದಿದ್ದರೆ ಬಾಯಿ ಮುಚ್ಚಿಹೋಗಿ ಉಪವಾಸದಿಂದ ಸಾಯುತ್ತದೆ. ಬೇರೊಂದು ಡಬ್ಬಿಯಲ್ಲಿ ಬಸವನಹುಳುಗಳನ್ನು ಸಾಕಿಕೊಂಡು ವಾರಕ್ಕೆರಡು ಬಾರಿಯಾದರೂ ಕೊಡಬೇಕು. ಕರಾವಳಿಯವರು ಚಿಕ್ಕ ಬಳಚನ್ನು (ಚಿಪ್ಪುಮೀನನ್ನು) ಅರೆತೆರೆದು ಹಾಕಬಹುದು. ಒಣ ಆಹಾರವನ್ನು ಅದು ಮೂಸಿಯೂ ನೋಡುವುದಿಲ್ಲ. ಜೊತೆಗಾರ ಮೀನುಗಳ ರೆಕ್ಕೆ ಕಚ್ಚುವ ಸ್ವಭಾವವಿರುವುದರಿಂದ ಒಂಟಿಯಾಗಿಡುವುದೇ ಕ್ಷೇಮ.

ಬಂಬಲ್‌ಬೀ ಗೋಬಿಗಳು 3ರಿಂದ 4 ಸೆಂಟಿಮೀಟರಿನ, ಹಳದಿ ಕಪ್ಪು ಪಟ್ಟೆಯ ಮೀನುಗಳು. ಜಾಗ ತೀರ ಕಡಿಮೆಯಿರುವವರಿಗೆ 40 ಲೀಟರಿನ ತೊಟ್ಟಿಯಲ್ಲಿ, 1.002ರಿಂದ 1.005ರಲ್ಲಿ, ಆರೆಂಟರ ಗುಂಪು ಚೆನ್ನ. ಇವುಗಳ ಕಷ್ಟವೂ ಊಟದ್ದೇ: ಜೀವಂತ ಅಥವಾ ಹೆಪ್ಪುಗಟ್ಟಿಸಿದ ಆಹಾರವನ್ನಷ್ಟೇ, ಅದೂ ನಿಧಾನವಾಗಿ ತಿನ್ನುವುದರಿಂದ ಚುರುಕಾದ ಮೀನುಗಳ ಜೊತೆಯಲ್ಲಿಟ್ಟರೆ ಹಸಿದು ಸಾಯುತ್ತವೆ. ಭಾರತದಿಂದ ಇಂಡೋನೇಷ್ಯಾದವರೆಗೆ ಕಾಣುವ ನೈಟ್ ಗೋಬಿ 9 ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಹೆಚ್ಚು ಗಟ್ಟಿ, ಕ್ರೋಮೈಡ್‌ಗಳೊಡನೆ ಹೊಂದಿಕೊಳ್ಳುತ್ತದೆ; ಬಂಬಲ್‌ಬೀಗಳನ್ನು ಮಾತ್ರ ನುಂಗಿಬಿಡುತ್ತದೆ. ಇನ್ನು ಮೋಲಿ. ಎಲ್ಲ ಅಂಗಡಿಗಳಲ್ಲಿಯೂ ಅಗ್ಗಕ್ಕೆ ಸಿಗುವ ಈ ಮೀನು ಸಿಹಿನೀರಿನಿಂದ ಕಡಲನೀರಿನವರೆಗೆ ಒಗ್ಗಿಕೊಳ್ಳಬಲ್ಲದು. ಉಪ್ಪು ಅಳೆಯುವುದನ್ನು, ಏರಿಸುವುದನ್ನು ಕೈಗೆ ರೂಢಿ ಮಾಡಿಕೊಳ್ಳಲು ಮೊದಲ ಎರಡು ಮೂರು ತಿಂಗಳು ಮೋಲಿಗಳನ್ನಷ್ಟೇ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ದೊಡ್ಡ ತೊಟ್ಟಿಯ ಮೀನುಗಳು

ಮೋನೊ, ಸ್ಕ್ಯಾಟ್, ಆರ್ಚರ್, ಹಸಿರು ಚುಕ್ಕೆಯ ಪಫರ್ ಇವು ನಾಲ್ಕೂ ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿರುತ್ತವೆ. ಮೋನೊ 25 ಸೆಂಟಿಮೀಟರ್ ದಾಟಬಲ್ಲದು. ಸ್ಕ್ಯಾಟ್ 38 ಸೆಂಟಿಮೀಟರಿನವರೆಗೂ ಬೆಳೆಯಬಲ್ಲದು, ತೊಟ್ಟಿಯಲ್ಲಿ 20ರಿಂದ 25 ಸಾಮಾನ್ಯ. ಎರಡೂ ಗುಂಪಿನಲ್ಲಿ ಬಾಳುವ ಮೀನುಗಳಾದ್ದರಿಂದ ಒಂದನ್ನೋ ಎರಡನ್ನೋ ತರುವುದು ಅವಕ್ಕೆ ಮಾಡುವ ಅನ್ಯಾಯ. ಐದಾರು ತಂದರೆ 400 ಲೀಟರಿಗಿಂತ ಕಡಿಮೆಯ ತೊಟ್ಟಿ ನಡೆಯದು. ಮರಿಗಳಿಗೆ ತೆಳು ಉಪ್ಪು ಸಾಕಾದರೂ, ಬೆಳೆದಂತೆ ನಡುಮಟ್ಟಕ್ಕೂ ಕಡೆಗೆ ಕಡಲಿನ ಮಟ್ಟಕ್ಕೂ ಏರಿಸುತ್ತ ಹೋಗಬೇಕು. ಈ ಎರಡರಲ್ಲಿ ಮೋನೊ ಹೆಚ್ಚು ಅಂಜುಬುರುಕ, ನೀರಿನ ಕೊಳೆಯನ್ನು ಸಹಿಸದು. ಸ್ಕ್ಯಾಟ್ ಗಟ್ಟಿಗ, ಆದರೆ ಸೊಪ್ಪು, ಪಾಚಿ, ಮಾಂಸವೆನ್ನದೆ ತಿನ್ನುವ ಹೊಟ್ಟೆಬಾಕ, ಮತ್ತು ಅಷ್ಟನ್ನೂ ನೀರಿಗೆ ಬಿಡುವುದರಿಂದ ಬಲವಾದ ಫಿಲ್ಟರ್ ಬೇಡುತ್ತದೆ. ಅದರ ಬೆನ್ನಿನ ಮುಳ್ಳುಗಳಲ್ಲಿ ಸೌಮ್ಯ ವಿಷವಿದ್ದು ಚುಚ್ಚಿದರೆ ಬಹಳ ನೋಯುವುದರಿಂದ ಬರಿಗೈಯಿಂದ ಹಿಡಿಯಬಾರದು. ದೊಡ್ಡ ತೊಟ್ಟಿ ಇದ್ದೂ ಹೊಸಬರಾಗಿದ್ದರೆ ಸ್ಕ್ಯಾಟ್, ನೀರಿನ ನಿರ್ವಹಣೆ ಚೆನ್ನಾಗಿ ಬಲ್ಲವರಾದರೆ ಮೋನೊ ಎಂದು ನಾನು ಹೇಳುತ್ತೇನೆ.

ಆರ್ಚರ್ ಮೀನಿನ ಆಕರ್ಷಣೆ ಬೇರೆಯೇ ಬಗೆಯದು. ನೀರಿನ ಮೇಲೆ ಬಾಗಿದ ಎಲೆಯ ಮೇಲಿನ ಹುಳುವನ್ನು ಬಾಯಿಂದ ಚಿಮ್ಮಿಸಿದ ನೀರಿನಿಂದ ಹೊಡೆದು ಬೀಳಿಸುತ್ತದೆ. ಒಂದು ಮೀಟರಿಗೂ ಹೆಚ್ಚು ದೂರದ ಗುರಿ ಅದಕ್ಕೆ ಅಸಾಧ್ಯವಲ್ಲ. ನೀರಿನ ಕೆಳಗಿನಿಂದ ನೋಡುವಾಗ ಬೆಳಕು ಬಾಗಿ ಗುರಿ ಬೇರೆಡೆ ಕಾಣುವುದನ್ನೂ ಅದು ಸರಿದೂಗಿಸಿಕೊಳ್ಳುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತರಬೇತಿ ಪಡೆದ ಆರ್ಚರ್‌ಗಳು ಮನುಷ್ಯರ ಮುಖಗಳ ಚಿತ್ರಗಳ ನಡುವೆ ಪರಿಚಿತವಾದುದನ್ನು ಆರಿಸಿ ಅದರ ಮೇಲೆ ನೀರು ಚಿಮ್ಮಿಸಿದವು. ಇಂಥ ಮೀನನ್ನು ಮೇಲ್ಮಟ್ಟದವರೆಗೆ ನೀರು ತುಂಬಿ ಮುಚ್ಚಳ ಹಾಕಿದ ತೊಟ್ಟಿಯಲ್ಲಿಟ್ಟರೆ ಅದರ ಗುಣವೇ ಕಾಣದಂತಾಗುತ್ತದೆ. ಎತ್ತರದ ತೊಟ್ಟಿಯನ್ನು ಮುಕ್ಕಾಲಿಗಿಂತ ಕಡಿಮೆ ತುಂಬಿ, ಮೇಲೆ ಗಾಳಿಗೆ ಜಾಗ ಬಿಟ್ಟು, ರೆಂಬೆಯೊಂದನ್ನು ಇಳಿಬಿಟ್ಟು, ಮಿಡತೆ, ಜಿರಲೆಮರಿ ಕೊಡಲು ಸಿದ್ಧರಿರಬೇಕು. 20 ಸೆಂಟಿಮೀಟರ್ ದಾಟುವ ಈ ಮೀನುಗಳು ಮೂರಾದರೂ ಇರಬೇಕು, ಮತ್ತು ಒಂದೇ ಅಳತೆಯವಾಗಿರಬೇಕು. ಚಿಕ್ಕದನ್ನು ದೊಡ್ಡದು ಕಾಡುತ್ತದೆ. ಉಪ್ಪು 1.005ರಿಂದ 1.010. ಖರ್ಚಿನಲ್ಲಿ ಮೋನೊಗಿಂತ ಕಡಿಮೆ, ಶ್ರಮದಲ್ಲಿ ಹೆಚ್ಚು.

ಹಸಿರು ಚುಕ್ಕೆಯ ಪಫರ್ ವಿಷಯದಲ್ಲಿ ಆಗುವ ದೊಡ್ಡ ತಪ್ಪು, ಅದನ್ನು ಫಿಗರ್ ಎಯ್ಟ್ ಎಂದು ತಿಳಿದು ಕೊಳ್ಳುವುದು. ಮರಿಗಳು ಒಂದೇ ಗಾತ್ರದವಾದರೂ ಗುರುತಿಸುವುದು ಕಷ್ಟವಲ್ಲ: ಹಸಿರು ಬೆನ್ನಿನ ಮೇಲೆ ಬಿಡಿಬಿಡಿಯಾದ ದುಂಡು ಕಪ್ಪು ಚುಕ್ಕೆಗಳಿದ್ದರೆ ಅದು ಹಸಿರು ಚುಕ್ಕೆಯದು, ಕಂದು ಬೆನ್ನಿನ ಮೇಲೆ ಹಳದಿ ಗೆರೆಗಳು ಕುಣಿಕೆಯಂತೆ ಸುತ್ತಿಕೊಂಡು, ಬಾಲದ ಬಳಿ ಉಂಗುರವಿರುವ ಕಣ್ಣಿನಂಥ ಮಚ್ಚೆಯಿದ್ದರೆ ಅದು ಫಿಗರ್ ಎಯ್ಟ್. ಹಸಿರು ಚುಕ್ಕೆಯದು 15 ಸೆಂಟಿಮೀಟರ್ ಬೆಳೆಯುತ್ತದೆ, ಒಂದಕ್ಕೇ 120 ಲೀಟರ್ ಬೇಕು, ಬೆಳೆದ ಮೇಲೆ 1.010ಕ್ಕಿಂತ ಹೆಚ್ಚಿನ ಉಪ್ಪು ಬೇಕು. ಬೆನ್ನೆಲುಬಿನ ಪ್ರಾಣಿಗಳಲ್ಲಿ ಅತ್ಯಂತ ಚಿಕ್ಕ ವಂಶವಾಹಿ ಸಂಚಯಗಳಲ್ಲಿ, ಅಂದರೆ ಜೀನೋಮ್‌ಗಳಲ್ಲೊಂದನ್ನು ಹೊಂದಿರುವ ಕಾರಣಕ್ಕೆ ವಿಜ್ಞಾನಿಗಳು ಆರಿಸಿಕೊಂಡು 2004ರಲ್ಲಿ ವಿವರ ಪ್ರಕಟಿಸಿದ ಮೀನು ಇದೇ.

ಪರ್ಲ್‌ಸ್ಪಾಟ್, ಅಂದರೆ ಕೇರಳವು 2010ರಲ್ಲಿ ರಾಜ್ಯಮೀನೆಂದು ಘೋಷಿಸಿದ ಕರಿಮೀನ್, ನಮ್ಮ ಕರಾವಳಿಯ ಅಳಿವೆಗಳಲ್ಲಿಯೂ ಇದೆ. ನೋಡಲು ಗಂಭೀರ, ಸ್ವಭಾವದಲ್ಲಿ ಸೌಮ್ಯ. ಆದರೆ ಸಾಮಾನ್ಯವಾಗಿ 20 ಸೆಂಟಿಮೀಟರ್, ಕೆಲವೊಮ್ಮೆ ಅದರ ಎರಡರಷ್ಟು ಬೆಳೆಯುವುದರಿಂದ 300 ಲೀಟರಿನ ಕೆಳಗೆ ಯೋಚಿಸಬಾರದು, ಗಿಡ ನೆಟ್ಟರೆ ಉಳಿಸುವುದಿಲ್ಲ.

ಮಡ್‌ಸ್ಕಿಪ್ಪರ್ (ನೀರಿನಿಂದ ಹೊರಬಂದು ಕೆಸರಿನ ಮೇಲೆ ಕುಪ್ಪಳಿಸುವ ಮೀನು) ಸಾಕುವವರಿಗೆ ಬೇಕಾದುದು ತೊಟ್ಟಿಗಿಂತ ಹೆಚ್ಚಾಗಿ ಕೆಸರು ದಂಡೆ. ಅರ್ಧ ನೀರು, ಅರ್ಧ ಒದ್ದೆ ನೆಲ, ಬಿಗಿ ಮುಚ್ಚಳ, ಬೆಚ್ಚಗಿನ ತೇವದ ಗಾಳಿ ಇಷ್ಟಿಲ್ಲದೆ ಅದನ್ನು ತರಬಾರದು.

ಉಪ್ಪು, ಅಳತೆ, ನೀರಿನ ಮೂಲ

ಅಡುಗೆ ಉಪ್ಪು, ಅಕ್ವೇರಿಯಂ ಉಪ್ಪು, ಸಮುದ್ರ ಲವಣದ ಮಿಶ್ರಣ ಇವುಗಳ ಪೈಕಿ ಕೊನೆಯದನ್ನೇ ಕೊಳ್ಳಬೇಕು. ಮೊದಲೆರಡು ಬಹುಪಾಲು ಬರಿಯ ಸೋಡಿಯಂ ಕ್ಲೋರೈಡ್. ಸಾಂದ್ರತೆಯ ಅಂಕಿಯನ್ನು ಏರಿಸುತ್ತವೆಯೇ ಹೊರತು ನೀರಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನಾಗಲಿ ಕ್ಷಾರೀಯತೆಯನ್ನಾಗಲಿ ಕೊಡುವುದಿಲ್ಲ. ಅಳಿವೆಯ ಮೀನಿಗೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.5ರಿಂದ 8.3ರ ನಡುವೆ ಸ್ಥಿರವಾಗಿರಬೇಕು, ಅದನ್ನು ಹಿಡಿದಿಡುವುದು ಆ ಇತರ ಲವಣಗಳು. ಹರಳುಪ್ಪನ್ನು ಹಾಕಿ ಹಣ ಉಳಿಸಿದವರ ತೊಟ್ಟಿಗಳಲ್ಲಿ ಕೆಲವು ತಿಂಗಳಲ್ಲಿ ಪಿಎಚ್ ಕುಸಿದುದನ್ನು ಕಂಡಿರುವುದರಿಂದ ಈ ವಿಷಯದಲ್ಲಿ ನಾನು ರಾಜಿ ಹೇಳಲಾರೆ. ಅಳಿವೆಯಿಂದಲೇ ನೀರು ತಂದು ಹಾಕುವುದೂ ಬೇಡ. ಅದರ ಉಪ್ಪು ದಿನದಿನಕ್ಕೆ ಬೇರೆ, ಅದರೊಡನೆ ರೋಗಾಣುಗಳೂ ಬರುತ್ತವೆ.

ಅಳೆಯಲು ಮುಳ್ಳು ತಿರುಗುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ, ಆದರೆ ಗುಳ್ಳೆ ಅಂಟಿಕೊಂಡರೆ ಸುಳ್ಳು ತೋರಿಸುತ್ತದೆ, ಮತ್ತು ಅದನ್ನು ಕಡಲಿನ ಮಟ್ಟಕ್ಕೆಂದು ಮಾಡಿರುವುದರಿಂದ ತೆಳು ಉಪ್ಪಿನಲ್ಲಿ ನಂಬುವುದು ಕಷ್ಟ. ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪನ್ನು ಅಳೆಯುವ ರಿಫ್ರ್ಯಾಕ್ಟೋಮೀಟರ್‌ಗೆ ಎರಡು ಹನಿ ನೀರು ಸಾಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಿಂದ ಸೊನ್ನೆಗೆ ಹೊಂದಿಸಿಕೊಂಡರೆ ತೆಳು ಉಪ್ಪಿನ ಕಡೆಯ ಅಂಕಿಗಳು ನೆಚ್ಚುವಂತಿರುತ್ತವೆ.

ಬಯಲುಸೀಮೆಯ ಬೋರ್‌ವೆಲ್ ನೀರು ಗಡಸಾಗಿರುವುದರಿಂದ ಅಲ್ಲಿ ಉಪ್ಪು ಬೇಡವೆಂದು ಕೆಲವರು ತಿಳಿಯುತ್ತಾರೆ. ಗಡಸುತನ ಬೇರೆ, ಉಪ್ಪಿನಂಶ ಬೇರೆ. ಗಡಸು ನೀರು ಅಳಿವೆಯ ಮೀನಿಗೆ ಒಳ್ಳೆಯ ತಳಹದಿ, ಅಷ್ಟೇ. ಲವಣವನ್ನು ಅಳೆದು ಹಾಕಲೇಬೇಕು. ಮುರಕಲ್ಲಿನ ನೆಲವಿರುವ ಕರಾವಳಿಯಲ್ಲಿ ಬಾವಿ ನೀರು ಮೆದುವಾಗಿ, ಸ್ವಲ್ಪ ಹುಳಿಯಾಗಿರುವುದುಂಟು. ಅಲ್ಲಿ ಚೆನ್ನಾಗಿ ತೊಳೆದು ಕುದಿಸಿದ ಬಳಚಿನ ಚಿಪ್ಪುಗಳನ್ನು ಫಿಲ್ಟರಿನಲ್ಲಿ ಇಟ್ಟರೆ ಪಿಎಚ್ ನಿಲ್ಲುತ್ತದೆ. ನಗರದ ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕುವುದನ್ನು ಮರೆಯಬಾರದು.

ಉಪ್ಪುನೀರಿಗೆ ಹಾಕಬಾರದ ಮೀನುಗಳು

ಗ್ಲಾಸ್‌ಫಿಶ್ ಎಂದು ಮಾರುವ ಪಾರದರ್ಶಕ ಮೀನಿಗೆ ಉಪ್ಪು ಬೇಕೆಂಬ ಮಾತು ಹಳೆಯದು. ಅದು ಮುಖ್ಯವಾಗಿ ಸಿಹಿನೀರಿನದು. ಬಣ್ಣ ಚುಚ್ಚಿದ ಗ್ಲಾಸ್‌ಫಿಶ್‌ಗಳನ್ನು ಯಾವ ನೀರಿಗೂ ಕೊಳ್ಳಬೇಡಿ. ಸೂಜಿಯಿಂದ ಬಣ್ಣ ತುಂಬುವ ಆ ಕ್ರೌರ್ಯ ನಿಲ್ಲುವುದು ಕೊಳ್ಳುವವರು ನಿಂತಾಗ ಮಾತ್ರ. ಕೇರಳ, ಕರ್ನಾಟಕದ ಹೊಳೆಗಳ ಪುಟ್ಟ ಮಲಬಾರ್ ಪಫರ್ ಪೂರ್ತಿ ಸಿಹಿನೀರಿನದು. ಪರ್ಲ್‌ಸ್ಪಾಟ್‌ನ ಹತ್ತಿರದ ಬಂಧುವಾದ ಕೆನರಾ ಪರ್ಲ್‌ಸ್ಪಾಟ್ ಕೂಡ ಹಾಗೆಯೇ: ನೇತ್ರಾವತಿ, ಕುಮಾರಧಾರಾ ಸೀಮೆಯ ಸಿಹಿನೀರಿನ ಹೊಳೆಗಳಲ್ಲಿ ಬಾಳುವ, ಅಪಾಯದಲ್ಲಿರುವ ಜಾತಿಯದು. ಹೊಳೆಯಿಂದ ಹಿಡಿದು ತಂದುದೆಂದು ಯಾರಾದರೂ ಮಾರಿದರೆ ಕೊಳ್ಳದಿರುವುದೇ ಅದಕ್ಕೆ ಮಾಡುವ ಉಪಕಾರ. ಇದಕ್ಕೆ ತಿರುಗುಮುರುಗಾದುದು ಕೊಲಂಬಿಯನ್ ಶಾರ್ಕ್ ಎಂಬ ಹೆಸರಿನ ಮೀಸೆಮೀನು. ಅದನ್ನು ಸಿಹಿನೀರಿನದೆಂದು ಮಾರುತ್ತಾರೆ. ಬೆಳೆದ ಮೇಲೆ ಅದಕ್ಕೆ ಕಡಲನೀರೇ ಬೇಕು, ಅಡಿಗಿಂತ ಉದ್ದ ಬೆಳೆಯುತ್ತದೆ.

ಆಯ್ಕೆ ಮುಗಿದು ಮೀನು ಮನೆಗೆ ಬಂದಾಗ, ಅಂಗಡಿಯಲ್ಲಿ ಅದು ಯಾವ ನೀರಿನಲ್ಲಿತ್ತೋ ಅದೇ ಮಟ್ಟದಿಂದ ಆರಂಭಿಸಬೇಕು. ಸಿಹಿನೀರಿನಲ್ಲಿದ್ದ ಮೀನಿಗೆ ತೊಟ್ಟಿಯನ್ನೂ ಸಿಹಿನೀರಿನಲ್ಲಿಯೇ ಸಿದ್ಧಪಡಿಸಿ, ವಾರದ ನೀರು ಬದಲಾವಣೆಯ ಹೊತ್ತಿಗೆ ಬಕೆಟ್‌ನಲ್ಲಿ ಮೊದಲೇ ಕರಗಿಸಿಟ್ಟ ಲವಣದ ನೀರನ್ನು ಸೇರಿಸುತ್ತ, ವಾರಕ್ಕೆ 0.002ಕ್ಕಿಂತ ಹೆಚ್ಚಾಗದಂತೆ ಏರಿಸಬೇಕು. ಈ ನಿಧಾನವು ಮೀನಿಗಷ್ಟೇ ಅಲ್ಲ, ಫಿಲ್ಟರಿನಲ್ಲಿ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳಿಗೂ ಬೇಕು. ಉಪ್ಪನ್ನು ಒಮ್ಮೆಲೇ ಸುರಿದಾಗ ಅವು ಸೊರಗಿ, ಮರುದಿನ ನೀರಿನಲ್ಲಿ ಅಮೋನಿಯಾ ಏರುತ್ತದೆ. ಆವಿಯಾಗಿ ಇಳಿದ ನೀರಿನ ಜಾಗಕ್ಕೆ ಸಿಹಿನೀರನ್ನೇ ತುಂಬಬೇಕು, ಏಕೆಂದರೆ ಆರಿಹೋಗುವುದು ನೀರೇ ಹೊರತು ಉಪ್ಪಲ್ಲ. ಆರೆಂಜ್ ಕ್ರೋಮೈಡ್‌ಗಳನ್ನು ಹೀಗೆ 1.004ಕ್ಕೆ ತರಲು ನನಗೆ ಹಿಡಿದದ್ದು ಮೂರು ವಾರ. ನಾಲ್ಕನೆಯ ವಾರದಲ್ಲಿ ಅವುಗಳಲ್ಲೊಂದು ಜೋಡಿ ಮಡಕೆಯ ಚೂರನ್ನು ಉಜ್ಜತೊಡಗಿತ್ತು.